ಕೊಲ್ಹಾರದ ಹಿನ್ನೀರಿನಲ್ಲಿ ಇಬ್ಬರ ಹರಿಗೋಲು

ಜೋರಾಪುರ ಪೇಟೆಯಿಂದ ಮಾಲು ತರಲಿಕ್ಕೆ ಬಾಗಲಕೋಟೆಗೆ ಹೋಗಿಬರುವ ವ್ಯಾಪಾರಸ್ಥರಿಗೆ ಕೊಲ್ಹಾರದ ಸೇತುವೆ ಹೊಸದಲ್ಲ. ಸುಮಾರು ಮೂರು ಕಿಲೋಮೀಟರು ಉದ್ದದ ಸೇತುವೆ. ಬಸ್ಸು ಅದರ ಮೇಲೆ ಬರುವ ಹೊತ್ತಿಗೆ ಅರ್ಧ ಜನ ನಿದ್ದೆಯಲ್ಲಿರುತ್ತಾರೆ. ಉಳಿದವರು ಕೊಲ್ಹಾರದಲ್ಲಿ ಕೊಂಡ ಮೊಸರಿನ ಗಡಿಗೆ ಅಲ್ಲಾಡದಂತೆ ಎರಡು ಕಾಲಿನ ನಡುವೆ ಹಿಡಿದಿರುತ್ತಾರೆ. ಕಿಟಕಿಯ ಕಡೆ ಕೂತವರು ಮಾತ್ರ ಒಮ್ಮೊಮ್ಮೆ ನೋಡಿರಬಹುದು: ದೂರದ ನೀರಿನ ಮೇಲೆ ಒಂದು ಕರಿ ಚುಕ್ಕಿ, ಅದು ನಿಂತಿದೆಯೋ ಹೊರಟಿದೆಯೋ ತಿಳಿಯುವುದಿಲ್ಲ.

ಆ ಚುಕ್ಕಿಯೇ ಹರಿಗೋಲು. ಹತ್ತಿರ ಹೋಗಿ ನೋಡಿದರೆ ಬಹಳ ಸಲ ಅದರೊಳಗೆ ಇರುವವರು ಇಬ್ಬರೇ. ಗಂಡ ಮತ್ತು ಹೆಂಡತಿ. ಒಬ್ಬರ ಕೈಯಲ್ಲಿ ಹುಟ್ಟು, ಇನ್ನೊಬ್ಬರ ಕೈಯಲ್ಲಿ ಬಲೆ.

ಸಂಸಾರವನ್ನು ದೋಣಿಗೆ ಹೋಲಿಸದ ಪುರಾಣಿಕರಿಲ್ಲ. ಅದನ್ನು ಕೇಳಿ ತಲೆದೂಗದ ನಾವೂ ಇಲ್ಲ. ಆದರೆ ದೋಣಿಯೇ ಸಂಸಾರ ಆದವರ ಖರ್ಚು-ವೆಚ್ಚ ಪುರಾಣದಲ್ಲಿ ಬರುವುದಿಲ್ಲ. ತೂತು ಬಿದ್ದರೆ ನೀರು ತೋಡಿ ಚೆಲ್ಲುವವರು ಯಾರು, ಡಾಂಬರಿಗೆ ರೊಕ್ಕ ಎಲ್ಲಿಂದ, ಗಾಳಿ ಎದ್ದರೆ ಏನು ಗತಿ? ಹನ್ನೆರಡನೇ ಶತಮಾನದ ಅಂಬಿಗರ ಚೌಡಯ್ಯನವರಿಗೆ ಇದೆಲ್ಲ ಗೊತ್ತಿತ್ತು, ಯಾಕಂದರೆ ಅವರ ಕಾಯಕವೇ ಅದು.

ನಮ್ಮದು ಸಮುದ್ರ ಕಾಣದ ಜಿಲ್ಲೆ. ಆದಿಲಶಾಹಿಗಳ ಕೈಯಲ್ಲಿದ್ದ ಗೋವೆ 1510ರಲ್ಲಿ ಪೋರ್ತುಗೀಜರ ಪಾಲಾಯಿತು. ಆಮೇಲೆ ಹಡಗು ಅಂದರೆ ಇಲ್ಲಿನವರಿಗೆ ಚಿತ್ರದಲ್ಲಿ ನೋಡುವ ವಸ್ತುವೇ ಸರಿ. ಆದರೆ ಆಲಮಟ್ಟಿ ಕಟ್ಟಿದ ಮೇಲೆ ಜಿಲ್ಲೆಯ ಬಾಗಿಲಿಗೇ ಒಂದು ಸಣ್ಣ ಸಮುದ್ರ ಬಂದು ನಿಂತಿದೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದರು. ನಡುವೆ ನಲವತ್ತೆರಡು ವರ್ಷ. ತುಂಬಿದಾಗ ನೀರಿನ ಮಟ್ಟ 519.60 ಮೀಟರು, ಹಿಡಿಯುವುದು 123 ಟಿಎಂಸಿ. ಹಳೇ ಕೊಲ್ಹಾರಕ್ಕೆ ನೀರು ಬಂತು, ಹಳೇ ಬಾಗಲಕೋಟೆಯ ಓಣಿಗಳಿಗೆ ನೀರು ಬಂತು. ಹೊಲ ಹೋದವರ ಕಥೆ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಹೊಲದ ಮೇಲೆ ನಿಂತ ನೀರಿನಲ್ಲಿ ಹೊಟ್ಟೆ ಹೊರೆಯುವವರ ಕಥೆ ಅಷ್ಟು ಗೊತ್ತಿಲ್ಲ.

ಬುಟ್ಟಿಯ ಸಂಸಾರ

ಹರಿಗೋಲು ಅಂದರೆ ಒಂದು ದೊಡ್ಡ ಬುಟ್ಟಿ. ಬಿದಿರು ಸೀಳಿ, ಹೆಣೆದು, ಕೆಳಗೆ ಗಟ್ಟಿ ಪಟ್ಟಿ ಕೊಟ್ಟು, ಅಂಚಿಗೆ ಬಿದಿರಿನ ಬಳೆ ಸುತ್ತಿದರೆ ಅಸ್ಥಿಪಂಜರ ತಯಾರು. ಹಿಂದೆ ಅದರ ಮೇಲೆ ಚರ್ಮ ಬಿಗಿಯುತ್ತಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಜ ದೊಮಿಂಗೊ ಪಾಯಸ್ ಆನೆಗುಂದಿಯಲ್ಲಿ ಇಂಥ ಚರ್ಮದ ಬುಟ್ಟಿ ನೋಡಿ, ಹದಿನೈದು ಇಪ್ಪತ್ತು ಜನ ಕೂಡುತ್ತಾರೆ, ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ ಅಂತ ಬರೆದಿಟ್ಟಿದ್ದಾನೆ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ತಾಡಪಾಲು ಬಂದಿದೆ, ಇಲ್ಲವೇ ಗೊಬ್ಬರದ ಖಾಲಿ ಚೀಲಗಳನ್ನು ಕೂಡಿಸಿ ಹೊಲಿದದ್ದು. ಅದರ ಮೇಲೆ ಕಾಯಿಸಿದ ಡಾಂಬರು.

ಕಟ್ಟುವುದು ಒಂದು ಕೆಲಸ, ಉಳಿಸಿಕೊಳ್ಳುವುದು ನೂರು ಕೆಲಸ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ರಸ್ತೆಯ ಡಾಂಬರೇ ಕರಗಿ ಚಪ್ಪಲಿಗೆ ಹತ್ತುತ್ತದೆ, ಇನ್ನು ಹರಿಗೋಲಿನದು ಏನು ಹೇಳೋದು. ಒಂದು ಕಡೆ ಕರಗುತ್ತದೆ, ಇನ್ನೊಂದು ಕಡೆ ಒಣಗಿ ಬಿರಿಯುತ್ತದೆ. ದಂಡೆಯ ಕಲ್ಲಿಗೆ ತಾಗಿ ತಳ ಸವೆಯುತ್ತದೆ. ನೀರಿನಲ್ಲೇ ಬಿಟ್ಟರೆ ಬಿದಿರು ಕೊಳೆಯುತ್ತದೆ, ಬಿಸಿಲಲ್ಲೇ ಬಿಟ್ಟರೆ ಸೀಳುತ್ತದೆ. ಅದಕ್ಕೇ ಕೆಲಸ ಮುಗಿದ ಮೇಲೆ ಎತ್ತಿ ಬೋರಲು ಹಾಕಿ ಇಡಬೇಕು. ಅಷ್ಟಾದರೂ ಬಿದಿರಿನ ಹರಿಗೋಲಿನ ಆಯುಷ್ಯ ಒಂದೆರಡು ವರ್ಷ. ಮೂರನೇ ವರ್ಷ ನಡೆಸಿದರೆ ಅದು ಹರಿಗೋಲಿನ ಗಟ್ಟಿತನ ಅಲ್ಲ, ಮನೆಯವರ ಕೈಗುಣ.

ಈ ಕೈಗುಣದಲ್ಲಿ ಅರ್ಧ ಹೆಣ್ಣುಮಕ್ಕಳದು. ಚೀಲ ಹೊಲಿಯುವುದು, ಹರಿದ ಬಲೆಯ ಕಣ್ಣು ಕಟ್ಟುವುದು, ಡಾಂಬರಿನ ಒಲೆ ನೋಡಿಕೊಳ್ಳುವುದು. ಹಗುರಾದ ಹರಿಗೋಲನ್ನು ಬೆನ್ನ ಮೇಲೆ ಹೊತ್ತು ನಡೆದರೆ ಮಳೆಯಲ್ಲಿ ಅದೇ ಕೊಡೆ. ದಂಡೆಯ ಮೇಲೆ ಬೋರಲು ಹಾಕಿದರೆ ಅದರ ಕೆಳಗೆ ಬಲೆ, ಪಾತ್ರೆ ಎಲ್ಲಕ್ಕೂ ನೆರಳು.

ನೀರಿಗಿಳಿದ ಮೇಲಿನ ಲೆಕ್ಕ ಬೇರೆ. ಹರಿಗೋಲಿಗೆ ಮುಂದು ಹಿಂದು ಇಲ್ಲ, ಚುಕ್ಕಾಣಿ ಇಲ್ಲ, ಹಾಯಿಯಂತೂ ಇಲ್ಲವೇ ಇಲ್ಲ. ಗೊತ್ತಿಲ್ಲದವರು ಹುಟ್ಟು ಹಾಕಿದರೆ ಗಾಣದ ಎತ್ತಿನಂತೆ ಅಲ್ಲೇ ತಿರುಗುತ್ತದೆ. ಮುಂದೆ ಬಾಗಿ, ನೀರನ್ನು ತಮ್ಮ ಕಡೆ ಎಳೆದುಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹುಟ್ಟು ತಿರುವಬೇಕು. ಒಬ್ಬರು ಬಲೆ ಬಿಡುವಾಗ ಇನ್ನೊಬ್ಬರು ಹರಿಗೋಲನ್ನು ಹಿಡಿದಲ್ಲೇ ಹಿಡಿದಿರಬೇಕು. ಬಲೆ ಎಳೆಯುವಾಗ ಒಬ್ಬರು ಒಂದು ಕಡೆ ವಾಲಿದರೆ ಇನ್ನೊಬ್ಬರು ಹೇಳಿಸಿಕೊಳ್ಳದೆ ಇನ್ನೊಂದು ಕಡೆ ಸರಿಯಬೇಕು. ಸಂಜೆ ಬಲೆ ಬಿಟ್ಟು ನಸುಕಿನಲ್ಲಿ ಎತ್ತುವ ಈ ಕೆಲಸದಲ್ಲಿ ಜಗಳಕ್ಕೆ ಜಾಗವೇ ಇಲ್ಲ. ಆರೇಳು ಅಡಿ ಅಗಲದ ಬುಟ್ಟಿಯಲ್ಲಿ ಸಿಟ್ಟಾಗಿ ಎದ್ದು ಹೋಗುವುದಾದರೂ ಎಲ್ಲಿಗೆ?

ಬಲೆಗೆ ರೋಹು, ಕಾಟ್ಲಾ, ಮೃಗಾಲ್ ಬಿದ್ದರೆ ಬೆಳಿಗ್ಗೆ ತಕ್ಕಡಿ ಏರುತ್ತದೆ. ಏನೂ ಬೀಳದಿದ್ದರೆ ಬಲೆ ಒಣಗಿಸಿ ಮತ್ತೆ ಸಂಜೆಗೆ ಹೊರಡುವುದು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ದಂಡೆಯ ಗುಡಿಸಲೂ ನೀರಿನ ಹಿಂದೆ ಸರಿಯುತ್ತದೆ.

ಬೇರೆ ದೇಶದ ಇಬ್ಬರು

ಗಂಡ-ಹೆಂಡತಿ ಇಬ್ಬರೇ ಒಂದು ಸಣ್ಣ ದೋಣಿ ಇಟ್ಟುಕೊಂಡು ನೀರಿನ ಮೇಲೆ ಕಾಲ ಕಳೆಯುವುದು ಬೇರೆ ದೇಶಗಳಲ್ಲಿ ದೊಡ್ಡ ಹೆಸರಿನ ಸಂಗತಿ. ಇಂಗ್ಲೆಂಡಿನ ಎರಿಕ್ ಹಿಸ್ಕಾಕ್ ಮತ್ತು ಸುಸಾನ್ ದಂಪತಿ 1952ರಲ್ಲಿ 'ವಾಂಡರರ್ 3' ಎಂಬ ಮೂವತ್ತು ಅಡಿಯ ಹಾಯಿದೋಣಿ ಕಟ್ಟಿಸಿ, 1955ರ ಒಳಗೆ ಭೂಮಿಯನ್ನು ಒಂದು ಸುತ್ತು ಹಾಕಿ ಬಂದರು. 1959ರಿಂದ 1962ರವರೆಗೆ ಇನ್ನೊಂದು ಸುತ್ತು. ಎರಿಕ್‌ಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಹಾಗಿದ್ದೂ ಇಷ್ಟು ದೂರ ಹೋದರೆಂದರೆ ಸುಸಾನ್ ಅವರನ್ನು ಬರೀ ಜೊತೆಗಾರ್ತಿ ಅಂದರೆ ಹೇಗೆ? ಅಮೆರಿಕದಲ್ಲಿ ಲಿನ್ ಮತ್ತು ಲ್ಯಾರಿ ಪಾರ್ಡಿ ಎಂಬ ದಂಪತಿ 24 ಅಡಿಯ ದೋಣಿಯನ್ನು ತಾವೇ ಕಟ್ಟಿ 1968ರಲ್ಲಿ ನೀರಿಗಿಳಿಸಿದರು. ಅದಕ್ಕೆ ಇಂಜಿನ್ನೇ ಇರಲಿಲ್ಲ. ರಾತ್ರಿಗೆ ಸೀಮೆಎಣ್ಣೆ ದೀಪ.

ಹಿಸ್ಕಾಕರ ಆ ಕಟ್ಟಿಗೆಯ ದೋಣಿ ಮುದುಕಾಗಿ ಮೂಲೆ ಸೇರಲಿಲ್ಲ. ಆಮೇಲೆ ಥೀಸ್ ಮಾಟ್ಜೆನ್ ಮತ್ತು ಕಿಕಿ ಎರಿಕ್ಸನ್ ಎಂಬ ಇನ್ನೊಂದು ಜೋಡಿ ಅದನ್ನೇ ಮನೆ ಮಾಡಿಕೊಂಡಿತು. ದಕ್ಷಿಣದ ಹಿಮದ ಸಮುದ್ರದವರೆಗೂ ಒಯ್ದರು. 2011ರಲ್ಲಿ ಅಮೆರಿಕದ ಕ್ರೂಸಿಂಗ್ ಕ್ಲಬ್ಬಿನ ಬ್ಲೂ ವಾಟರ್ ಪದಕ ಇಬ್ಬರಿಗೂ ಸಿಕ್ಕಿತು. ಹಲಗೆಯ ಸಂದಿಗೆ ಹತ್ತಿ ತುಂಬುವುದು, ತಳ ಕೆರೆದು ಬಣ್ಣ ಬಳಿಯುವುದು, ಹಾಯಿಗೆ ತೇಪೆ ಹಾಕುವುದು. ಕಟ್ಟಿಗೆಯ ದೋಣಿಯ ಈ ಕೆಲಸ ನಮ್ಮ ಡಾಂಬರಿನ ಕೆಲಸದ ಅಣ್ಣತಮ್ಮನೇ.

ವ್ಯತ್ಯಾಸ ಒಂದಿದೆ, ಮುಚ್ಚಿಡುವುದು ಯಾಕೆ? ಅವರು ಮನಸ್ಸು ಬಂದಲ್ಲಿಗೆ ಹೋದವರು, ಕೃಷ್ಣೆಯ ಮೇಲಿನವರು ಹೊಟ್ಟೆ ಕರೆದಲ್ಲಿಗೆ ಹೋಗುವವರು. ಅವರ ಪದಕದ ಮೇಲೆ ಎರಡು ಹೆಸರು. ಇಲ್ಲಿಯ ಕಾಗದದ ಮೇಲೆ?

ಇಬ್ಬರು ದುಡಿತ, ಒಂದು ಹೆಸರು

ಸೇತುವೆಯ ಮೇಲಿಂದ ಹಿನ್ನೀರು ಕನ್ನಡಿಯಂತೆ ಕಾಣುತ್ತದೆ. ಆದರೆ ಜೂನ್ ಜುಲೈ ತಿಂಗಳ ಪಡುವಣ ಗಾಳಿಗೆ ಇಷ್ಟಗಲದ ಬಯಲು ನೀರಿನಲ್ಲಿ ತಡೆಯೇ ಇಲ್ಲ. ಹಳೇ ಹೊಳೆಯಲ್ಲಿ ಗಾಳಿ ಎದ್ದರೆ ದಂಡೆ ಹತ್ತಿರ ಇರುತ್ತಿತ್ತು. ಈಗ ದಂಡೆ ದೂರ. ತಳ ಚಪ್ಪಟೆಯಾದ ಬುಟ್ಟಿ ಗಾಳಿ ಒಯ್ದ ಕಡೆ ಹೋಗುತ್ತದೆ, ಅಲೆ ಒಳಗೆ ಬಂದರೆ ನೀರು ತೋಡಲಿಕ್ಕೆ ಪುರಸೊತ್ತು ಕೊಡುವುದಿಲ್ಲ. 2024ರ ಜುಲೈಯಲ್ಲಿ ಕೊಲ್ಹಾರ ತಾಲೂಕಿನಲ್ಲೇ ಕೃಷ್ಣೆಯಲ್ಲಿ ಹರಿಗೋಲು ಮಗುಚಿ ಹಲವರ ಪ್ರಾಣ ಹೋಯಿತು. ಅವರು ಮೀನು ಹಿಡಿಯಲು ಹೋದವರಲ್ಲ. ಆದರೆ ನೀರು, ಗಾಳಿ, ಹರಿಗೋಲು ಅವೇ. ಅಂಥ ನೀರಿನ ಮೇಲೆ ಈ ದಂಪತಿಗಳು ವರ್ಷದ ಬಹುಪಾಲು ದಿನ ಇರುತ್ತಾರೆ.

ಈಜು ಬರುವವರಿಗೆ ಜಾಕೀಟು ಯಾಕೆ ಅಂತ ಕೇಳುವವರುಂಟು. ನೈಲಾನ್ ಬಲೆ ಕಾಲಿಗೆ ಸುತ್ತಿದ ಮೇಲೆ ಈಜು ಏನು ಮಾಡೀತು?

ಮೀನುಗಾರಿಕೆ ಇಲಾಖೆ ಸಹಾಯಧನದಲ್ಲಿ ಫೈಬರ್ ಹರಿಗೋಲು ಕೊಡುವ ಕೆಲಸ ಮಾಡಿದೆ. ಒಳ್ಳೆಯದೇ. ಫೈಬರ್ ಕೊಳೆಯುವುದಿಲ್ಲ, ಡಾಂಬರು ಕೇಳುವುದಿಲ್ಲ. ಆದರೆ ಬಿರುಕು ಬಿಟ್ಟರೆ ಒಲೆ ಹೊತ್ತಿಸಿ ಮನೆಯಲ್ಲೇ ಮುಚ್ಚಲಾಗದು, ಅದಕ್ಕೆ ಬೇರೆ ರಾಳ, ಬೇರೆ ಕೈ ಬೇಕು. ಇರಲಿ, ಅದು ಸಣ್ಣ ಮಾತು. ದೊಡ್ಡ ಮಾತು ಅರ್ಜಿಯದು. ಫಲಾನುಭವಿ ಅಂತ ಬರೆಯುವ ಜಾಗದಲ್ಲಿ ಒಂದೇ ಹೆಸರು ಹಿಡಿಸುತ್ತದೆ, ಅದು ಸಾಮಾನ್ಯವಾಗಿ ಗಂಡನದು. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಗುಂಪು ವಿಮೆಯಲ್ಲಿ ಮೀನುಗಾರರು ಅಪಘಾತದಲ್ಲಿ ತೀರಿಕೊಂಡರೆ 5 ಲಕ್ಷ ರೂಪಾಯಿ ಅಂತ ಗೊತ್ತು ಮಾಡಿದ್ದರು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಆ ಮಾತು. ಹುಟ್ಟು ಹಿಡಿದು ಕೂತ ಹೆಣ್ಣುಮಗಳ ಹೆಸರು ಪಟ್ಟಿಯಲ್ಲಿ ಮನೆಯಾಕೆ ಅಂತ ಇದ್ದರೆ? ಪೇಟೆಯ ಅಂಗಡಿಯಲ್ಲಿ ಗಲ್ಲೆಯ ಮೇಲೆ ಕೂತು ವ್ಯಾಪಾರ ಮಾಡುವ ಹೆಂಗಸರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ, ಬೋರ್ಡಿನ ಮೇಲೆ ಯಾರ ಹೆಸರಿದೆ ಅಂತ ಅವರಿಗೆ ಗೊತ್ತು.

ಹರಿಗೋಲು ಒಂದೇ ಕೊಡಲಿ, ಜಾಕೀಟು ಎರಡು ಕೊಡಲಿ. ವಿಮೆಯ ಪಟ್ಟಿಯಲ್ಲೂ ಎರಡು ಹೆಸರು ಬರೆಯಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಬೆಳಿಗ್ಗೆ ಆರು ಗಂಟೆಗೆ ದಂಡೆಗೆ ಹೋಗಿ, ಬುಟ್ಟಿಯಿಂದ ಎಷ್ಟು ಜನ ಇಳಿಯುತ್ತಾರೆ ಅಂತ ಎಣಿಸಿದರೆ ಸಾಕು.

ನೀರಂತೂ ಕಡಿಮೆ ಆಗುವ ಲಕ್ಷಣ ಇಲ್ಲ. ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು 2010ರ ಡಿಸೆಂಬರಿನಲ್ಲಿ ನ್ಯಾಯಮಂಡಳಿ ಒಪ್ಪಿದೆ. ಹಾಗಾದ ದಿನ ದಂಡೆ ಇನ್ನಷ್ಟು ದೂರ ಸರಿಯುತ್ತದೆ. ಏತ ನೀರಾವರಿಯಿಂದ ಕೃಷ್ಣೆ ಈಗಾಗಲೇ ಬಬಲೇಶ್ವರ, ತಿಕೋಟಾ ಕಡೆಯ ಕೆರೆಗಳಿಗೆ ಹತ್ತಿದ್ದಾಳೆ. ಮಮದಾಪುರದ ಆದಿಲಶಾಹಿ ಕೆರೆಗೂ ನೀರು ಬಂದಿದೆ. ನೀರು ಬಂದಲ್ಲಿಗೆ ಮೀನು ಬರುತ್ತದೆ, ಮೀನು ಬಂದಲ್ಲಿಗೆ ಬಲೆ.

ಕೊಲ್ಹಾರದ ದಂಡೆಯಲ್ಲಿ ಆಯುಷ್ಯ ಮುಗಿದ ಹರಿಗೋಲನ್ನು ಕೂಡಲೇ ಸುಡುವುದಿಲ್ಲ. ಗುಡಿಸಲ ಪಕ್ಕ ಬೋರಲು ಬಿದ್ದಿರುತ್ತದೆ. ಮಳೆಗಾಲದಲ್ಲಿ ಅದರ ಕೆಳಗೆ ಒಣ ಕಟ್ಟಿಗೆ ಇರುತ್ತದೆ, ಹೊಸ ಹರಿಗೋಲಿಗೆ ಡಾಂಬರು ಕಾಯಿಸಲಿಕ್ಕೆ.