ಗ್ಯಾಟ್ಸ್‌ಬಿಯ ಮನೆಗೆ ಬಂದವರು
ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ ಅವರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಓದಿದ್ದೀರಾ? 1925ರಲ್ಲಿ ಪ್ರಕಟವಾದ ಈ ಕಾದಂಬರಿಯ ನಾಯಕ ಕಳ್ಳದಾರಿಯಲ್ಲಿ ದುಡ್ಡು ಮಾಡಿ, ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್‌ನಲ್ಲಿ ಅರಮನೆಯಂಥ ಮನೆ ಕೊಂಡವನು. ಹಳೆಯ ಪ್ರೇಯಸಿ ಡೇಸಿಯ ಕಣ್ಣಿಗೆ ಬೀಳಲೆಂದೇ ಭರ್ಜರಿ ಪಾರ್ಟಿಗಳನ್ನು ಕೊಡುತ್ತಾನೆ. ಪ್ರತಿ ಶುಕ್ರವಾರ ಐದು ಪೆಟ್ಟಿಗೆ ಕಿತ್ತಳೆ, ನಿಂಬೆಹಣ್ಣು ಬರುತ್ತವೆ. ಸೋಮವಾರ ಹಿಂಡಿದ ಸಿಪ್ಪೆಗಳ ರಾಶಿ ಹಿಂಬಾಗಿಲಿನಿಂದ ಆಚೆ ಹೋಗುತ್ತದೆ. ಅತಿಥಿಗಳಿಗೆ ಗ್ಯಾಟ್ಸ್‌ಬಿಯೂ ಅಂಥದೇ ಒಂದು ಹಣ್ಣು!

ಅವನು ಸತ್ತಾಗ ಡೇಸಿ ಒಂದು ಹೂವನ್ನೂ ಕಳಿಸುವುದಿಲ್ಲ. ನೂರಾರು ಜನ ಕುಣಿದ ಮನೆಯ ಯಜಮಾನನ ಅಂತ್ಯಕ್ರಿಯೆಗೆ ತಂದೆ, ನೆರೆಮನೆಯ ನಿಕ್, ಕೆಲವು ಆಳುಗಳು, ಅಂಚೆಯವನು ಹೀಗೆ ಬೆರಳೆಣಿಕೆಯ ಜನ. ಪಾರ್ಟಿಗೆ ಬರುತ್ತಿದ್ದವರಲ್ಲಿ ಬಂದವನು ಒಬ್ಬನೇ.

ಹಣ ಜನ ಸೇರಿಸುತ್ತದೆ, ನಮ್ಮವರನ್ನು ಗಳಿಸಿ ಕೊಡುವುದಿಲ್ಲ. ಮುಂದಿನ ಹುಟ್ಟುಹಬ್ಬಕ್ಕೆ ದೊಡ್ಡ ಹಾಲ್ ಹುಡುಕುವಾಗ, ಕಷ್ಟಕ್ಕೆ ಓಡಿ ಬರುವವರು ಎಷ್ಟು ಮಂದಿ ಎಂದು ನೀವೂ ಒಮ್ಮೆ ಎಣಿಸಿ ನೋಡಿ.