ಬಿಸ್ಕೆಟ್ ಭರಣಿಗೆ ಒರಗಿದ ಇಂಡಿಯಾ

ಆಸ್ಟಿನ್ ಟೌನ್‌ನ ಆ ಬೇಕರಿಯಲ್ಲಿ ಇರುವುದು ಒಂದೇ ಟೀವಿ. ಮೂಲೆಯಲ್ಲಿ, ಗಣಪತಿ ಫೋಟೋದ ಪಕ್ಕಕ್ಕೆ, ಗಿರಾಕಿಗಳಿಗೆ ನಮಸ್ಕಾರ ಮಾಡುತ್ತಿರುವಂತೆ ಮುಂದಕ್ಕೆ ಬಾಗಿಕೊಂಡಿದೆ. 2024ರ ಮಾರ್ಚ್ 26ರ ಮಂಗಳವಾರ ಸಂಜೆ ಏಳಕ್ಕೆ ಅದರಲ್ಲಿ ಗುವಾಹಟಿಯ ಮೈದಾನ ಕಾಣಿಸಿಕೊಂಡಿತು. ಹೊರಗೆ ನೀರಿನ ಟ್ಯಾಂಕರ್ ಬಂದು ನಿಂತಿತ್ತು. ಇಡೀ ಬೆಂಗಳೂರು ಕೊಡ ಹಿಡಿದು ರಸ್ತೆಗೆ ಬಂದಿದ್ದ ಮಾರ್ಚ್ ಅದು. ಪೈಪಿನ ಬುಸಬುಸ ಸದ್ದು, ಬಕೆಟ್ಟಿನ ಜಗಳ, ಅದರ ನಡುವೆ ರಾಷ್ಟ್ರಗೀತೆ.

ಒಳಗೆ ನಾವು ಒಂಬತ್ತು ಜನ. ಇಂಡಿಯಾ ಫುಟ್‌ಬಾಲ್ ನೋಡುವವರ ಪೈಕಿ ಇದು ಜನಜಂಗುಳಿ ಅಂತಲೇ ಲೆಕ್ಕ.

ಸುನಿಲ್ ಛೆಟ್ರಿಗೆ ಅದು 150ನೇ ಅಂತರರಾಷ್ಟ್ರೀಯ ಪಂದ್ಯ. ಆಟಕ್ಕೆ ಮೊದಲು ಸನ್ಮಾನ. ಎದುರಾಳಿ ಅಫ್ಘಾನಿಸ್ತಾನ. ರ‍್ಯಾಂಕಿಂಗ್‌ನಲ್ಲಿ ನಾವು 117, ಅವರು 158. ಅದೂ ಅವರ ಫೆಡರೇಷನ್ ಜತೆ ಜಗಳ ಮಾಡಿಕೊಂಡು ಹಲವು ಮುಖ್ಯ ಆಟಗಾರರು ಬಂದೇ ಇರಲಿಲ್ಲ. ಇದಕ್ಕೂ ಮೊದಲು ಸೌದಿಯ ಅಭಾದಲ್ಲಿ ಇದೇ ತಂಡದ ಎದುರು ಸೊನ್ನೆ-ಸೊನ್ನೆ ಆಡಿ ಬಂದಿದ್ದೆವು. ಇವತ್ತು ಗೆದ್ದರೆ ವಿಶ್ವಕಪ್ ಅರ್ಹತೆಯ ಮೂರನೇ ಸುತ್ತಿನ ದಾರಿ ಕಾಣುತ್ತದೆ. ಇಂಡಿಯಾ ಒಮ್ಮೆಯೂ ಕಾಲಿಡದ ಸುತ್ತು ಅದು. ಅಲ್ಲಿಗೆ ಮುಟ್ಟಿಸದಿದ್ದರೆ ನಾನೇ ಹೋಗುತ್ತೇನೆ ಎಂದು ಕೋಚ್ ಇಗೊರ್ ಸ್ಟಿಮಾಕ್ ಬಾಯಿಬಿಟ್ಟು ಹೇಳಿಯಾಗಿತ್ತು.

"ಹೋಗ್ತೀನಿ ಹೋಗ್ತೀನಿ ಅನ್ನೋ ನೆಂಟ್ರು ಊಟ ಮುಗಿಸ್ದೆ ಏಳಲ್ಲ ಬಿಡಿ" ಎಂದ ಗಲ್ಲಾದ ಹಿಂದಿದ್ದ ಅಣ್ಣ. ಹಾಸನದ ಕಡೆಯವನು. ಫುಟ್‌ಬಾಲ್ ಅವನಿಗೆ ಬೇಕಾಗಿಲ್ಲ, ನಮ್ಮ ಬೈಟೂ ಟೀ ಬೇಕು.

ಏಳೂವರೆ ಆಯಿತು ನೋಡಿ. ಪಕ್ಕದ ಗ್ಯಾರೇಜಿನ ಹುಡುಗರು ಗ್ರೀಸ್ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. ಚೆನ್ನೈಯಲ್ಲಿ ಧೋನಿಯ ತಂಡಕ್ಕೂ ಗುಜರಾತಿಗೂ ಐಪಿಎಲ್ ಪಂದ್ಯ. "ಅಣ್ಣಾ, ಚಾನೆಲ್!" ಅಣ್ಣ ನಮ್ಮ ಮುಖ ನೋಡಿದ, ಅವರ ಸಂಖ್ಯೆ ನೋಡಿದ, ರಿಮೋಟ್ ಒತ್ತಿದ. ಇಂಡಿಯಾ ಮಾಯವಾಗಿ ಹಳದಿ ಬಣ್ಣ ಬಂತು. ಯಾರೂ ಜಗಳ ಮಾಡಲಿಲ್ಲ. ಫುಟ್‌ಬಾಲ್ ಅಭಿಮಾನಿಗೆ ಈ ದೇಶ ಮೊದಲು ಕಲಿಸುವುದು ಜಾಗ ಬಿಡುವುದನ್ನು.

ಡೆಲಿವರಿ ಹುಡುಗನೊಬ್ಬ ಇದ್ದ, ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು. ತನ್ನ ಮೊಬೈಲನ್ನು ತೆಗೆದು ಖಾರ ಬಿಸ್ಕೆಟ್ಟಿನ ಗಾಜಿನ ಭರಣಿಗೆ ಒರಗಿಸಿಟ್ಟ. ಪರದೆಯ ಒಂದು ಮೂಲೆ ಜೇಡರ ಬಲೆಯ ಹಾಗೆ ಒಡೆದಿತ್ತು. ಇಂಡಿಯಾದ ಎಡ ವಿಂಗ್ ಪೂರ್ತಿ ಆ ಬಲೆಯೊಳಗೇ ಓಡಾಡಬೇಕಿತ್ತು. ನಾವು ಎಂಟು ತಲೆಗಳು ಅಂಗೈಯಗಲದ ಹಸಿರಿನ ಮೇಲೆ ಬಗ್ಗಿದೆವು. 38ನೇ ನಿಮಿಷ, ಅಫ್ಘಾನ್ ಡಿಫೆಂಡರನ ಕೈಗೆ ಬಾಲ್, ಪೆನಾಲ್ಟಿ. ಛೆಟ್ರಿ ಬಂದು ಹೊಡೆದ. ಅವನ 94ನೇ ಗೋಲು. ನಾವು ಕೂಗಿದ್ದಕ್ಕೆ ಗ್ಯಾರೇಜಿನ ಹುಡುಗರು ಟೀವಿ ಕಡೆ ನೋಡಿದರು, ಅಲ್ಲಿ ಸಿಕ್ಸರ್ ಏನೂ ಬಿದ್ದಿರಲಿಲ್ಲ.

ಇಲ್ಲಿ ಒಂದು ಮಾತು ಹೇಳದಿದ್ದರೆ ಆ ಸಂಜೆಯ ಉರಿ ನಿಮಗೆ ಅರ್ಥವಾಗುವುದಿಲ್ಲ. ಅಫ್ಘಾನಿಸ್ತಾನದ ಬೆಂಚಿನ ಮುಂದೆ ನಿಂತಿದ್ದ ಬಿಳಿಯ ನಮಗೆ ಗೊತ್ತಿದ್ದ ಮನುಷ್ಯ. ಆಶ್ಲಿ ವೆಸ್ಟ್‌ವುಡ್. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಅದರ ಮೊದಲ ಕೋಚ್. ಮೊದಲ ವರ್ಷವೇ ಐ-ಲೀಗ್ ಗೆದ್ದುಕೊಟ್ಟ, 2016ರಲ್ಲಿ ಇನ್ನೊಮ್ಮೆ. ಈ ಬೇಕರಿಯಿಂದ ನಡೆದು ಹೋಗಬಹುದಾದ ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ, ಬಿಸಿಲಿಗೆ ಕಾದ ಕಲ್ಲುಮೆಟ್ಟಿಲ ಮೇಲೆ ಕೂತು, ನಾವೇ ಅವನಿಗೆ ಚಪ್ಪಾಳೆ ತಟ್ಟಿದ್ದೆವು. ಛೆಟ್ರಿಯನ್ನೂ ಗೋಲ್‌ಕೀಪರ್ ಗುರ್‌ಪ್ರೀತನನ್ನೂ ನಮ್ಮವರು ಅನ್ನುವ ಊರು ಇದು. ನಮ್ಮವರ ಮೇಲೆ ನಮ್ಮವನನ್ನೇ ಬಿಟ್ಟಂತಾಗಿತ್ತು.

ಸ್ಟಿಮಾಕ್ ಕೂಡ ಈ ಊರಿಗೆ ಪರಕೀಯನೇನಲ್ಲ. ಎಂಟು ತಿಂಗಳ ಹಿಂದೆ, 2023ರ ಜುಲೈ 4ರಂದು, ಕಂಠೀರವದಲ್ಲಿ ಸ್ಯಾಫ್ ಫೈನಲ್. ಕುವೈತ್ ಎದುರು 1-1, ಆಮೇಲೆ ಪೆನಾಲ್ಟಿ ಶೂಟೌಟ್. ನಾನು ಗ್ಯಾಲರಿಯಲ್ಲಿದ್ದೆ. ಗುರ್‌ಪ್ರೀತ್ ಕೊನೆಯ ಹೊಡೆತವನ್ನು ತಡೆದಾಗ ಪಕ್ಕದಲ್ಲಿದ್ದ ಪರಿಚಯವಿಲ್ಲದ ಹಿರಿಯರೊಬ್ಬರು ನನ್ನ ಕಿವಿ ಹಿಡಿದು ಎಳೆದರು, ಖುಷಿಗೆ. ಇಪ್ಪತ್ತಾರು ಸಾವಿರಕ್ಕೂ ಹೆಚ್ಚು ಜನ ಒಂದೇ ದನಿಯಲ್ಲಿ ವಂದೇ ಮಾತರಂ ಎಂದರು. ಆ ಟೂರ್ನಿಯಲ್ಲಿ ಪಾಕಿಸ್ತಾನದ ಹುಡುಗ ಥ್ರೋ ಹಾಕಲು ಹೊರಟಾಗ ಅವನ ಕೈಯಿಂದ ಬಾಲನ್ನು ತಟ್ಟಿ ಬೀಳಿಸಿ ರೆಡ್ ಕಾರ್ಡ್ ತಿಂದಿದ್ದ ನಮ್ಮ ಕೋಚ್. ಮುಂದೆ ಕುವೈತ್ ಜತೆಗಿನ ಲೀಗ್ ಪಂದ್ಯದಲ್ಲಿ ಇನ್ನೊಂದು. ಬೆಂಗಳೂರು ಬೇಜಾರು ಮಾಡಿಕೊಳ್ಳಲಿಲ್ಲ, 'ಗಂಡು ಕಣೋ' ಅಂತ ಮೆಚ್ಚಿಕೊಂಡಿತು. ಈಗ ಯೋಚಿಸಿದರೆ ನಗು ಬರುತ್ತದೆ: ನಿಷೇಧಕ್ಕೊಳಗಾಗಿದ್ದರಿಂದ ಸೆಮಿಫೈನಲ್ಲಿನಲ್ಲೂ ಫೈನಲ್ಲಿನಲ್ಲೂ ಬೆಂಚಿನ ಬಳಿ ಅವನಿರಲೇ ಇಲ್ಲ. ನಿಂತು ಗೆಲ್ಲಿಸಿದ್ದು ಸಹಾಯಕ ಮಹೇಶ್ ಗಾವ್ಲಿ. ಜೈಕಾರ ಮಾತ್ರ ಮೇಲೆ ಕೂತಿದ್ದವನಿಗೂ ಸಿಕ್ಕಿತು.

ಆ ತಿಂಗಳು ರ‍್ಯಾಂಕಿಂಗ್ 99ಕ್ಕೆ ಬಂತು. ಅಕ್ಟೋಬರಿನಲ್ಲಿ ನಮ್ಮ ಫೆಡರೇಷನ್ ಸ್ಟಿಮಾಕನ ಒಪ್ಪಂದವನ್ನು 2026ರವರೆಗೆ ಬೆಳೆಸಿತು. ಜನವರಿಯಲ್ಲಿ ಕತಾರಿನ ಏಷ್ಯನ್ ಕಪ್: ಆಸ್ಟ್ರೇಲಿಯಾಕ್ಕೆ 0-2, ಉಜ್ಬೇಕಿಸ್ತಾನಕ್ಕೆ 0-3, ಸಿರಿಯಾಕ್ಕೆ 0-1. ಮೂರು ಆಟ, ಆರು ಗೋಲು ತಿಂದು ಒಂದನ್ನೂ ಹೊಡೆಯದೆ ವಾಪಸ್. ಅದಕ್ಕೂ ಮೊದಲು ತಂಡದ ಆಯ್ಕೆಗೆ ದೆಹಲಿಯ ಜ್ಯೋತಿಷಿಯೊಬ್ಬರನ್ನು ಕೇಳಲಾಗುತ್ತಿತ್ತು ಎಂದು ಪತ್ರಿಕೆಯೊಂದು ವರದಿ ಮಾಡಿತ್ತು. ನಮ್ಮ ಬೇಕರಿಯಲ್ಲಿ ಅದರಿಂದ ಯಾರಿಗೂ ಆಘಾತವಾಗಲಿಲ್ಲ. ಆಕ್ಷೇಪವಿದ್ದದ್ದು ಜ್ಯೋತಿಷಿಯ ಫಾರ್ಮ್ ಬಗ್ಗೆ.

ಇಂಟರ್‌ವೆಲ್‌ನಲ್ಲಿ ನಮ್ಮ ಗುಂಪಿನ ತಾತ ಮಾತಾಡಿದರು. ಒಂದು ಕಾರ್ಖಾನೆಯ ತಂಡಕ್ಕೆ ಲೆಫ್ಟ್ ಬ್ಯಾಕ್ ಆಡಿದವರು. ಐಟಿಐ, ಎಚ್‌ಎಎಲ್ ಹೆಸರು ಕೇಳಿದರೆ ಮೈದಾನ ತುಂಬುತ್ತಿದ್ದ ಕಾಲದವರು. ಬಲ ಮಂಡಿ ಈಗ ಮಡಚುವುದಿಲ್ಲ, ಕಾಲನ್ನು ಪಕ್ಕದ ಕುರ್ಚಿಯ ಮೇಲೆ ನೀಡಿಯೇ ಕೂರುತ್ತಾರೆ. ಖಾಲಿ ಟೀ ಲೋಟಗಳನ್ನೆಲ್ಲ ಎಳೆದುಕೊಂಡರು. ನಾಲ್ಕನ್ನು ಸಾಲಾಗಿ ಇಟ್ಟರು, ಡಿಫೆನ್ಸ್. ಮೂರನ್ನು ದೂರ ತಳ್ಳಿದರು, ಫಾರ್ವರ್ಡ್. ನಡುವೆ ಒಂದೇ ಒಂದು ಲೋಟ ನಿಂತಿತು, ಅದರಲ್ಲಿ ಇನ್ನೂ ಅರ್ಧ ಟೀ ಇತ್ತು.

"ಇಲ್ಲಿ ನೋಡಪ್ಪ." ಒಂದು ರಸ್ಕ್ ತೆಗೆದುಕೊಂಡು ಆ ಬಯಲಿನಲ್ಲಿ ನಿಧಾನವಾಗಿ ನಡೆಸಿದರು. "ಅಫ್ಘಾನ್ ಹುಡ್ಗ ಬತ್ತಾನೆ. ಯಾರ್ ಹಿಡಿತಾರೆ? ಯಾರೂ ಇಲ್ಲ. ಒಂದ್ ಗೋಲ್ ಹೊಡ್ದು ಸುಮ್ನೆ ಕೂತವ್ರೆ ಇವ್ರು. ಬರುತ್ತೆ ನೋಡ್ತಿರು." ರಸ್ಕನ್ನು ಆ ಅರ್ಧ ಟೀಗೆ ಅದ್ದಿ ಬಾಯಿಗೆ ಹಾಕಿಕೊಂಡರು.

ಬಂತು. 70ನೇ ನಿಮಿಷದ ಸುಮಾರಿಗೆ ರಹಮತ್ ಅಕ್ಬರಿ ಸಮ ಮಾಡಿದ. ಬೇಕರಿಯಲ್ಲಿ ಸದ್ದಿಲ್ಲ. ಡೆಲಿವರಿ ಹುಡುಗ ಹೆಲ್ಮೆಟ್ಟಿನ ಬಕಲ್ಲನ್ನು ಹಾಕುವುದು ತೆಗೆಯುವುದು ಮಾಡುತ್ತಿದ್ದ, ಟಕ್, ಟಕ್. 88ನೇ ನಿಮಿಷಕ್ಕೆ ಗುರ್‌ಪ್ರೀತ್ ಮುನ್ನುಗ್ಗಿ ಬಂದು ಒಬ್ಬನನ್ನು ಬೀಳಿಸಿದ. ಪೆನಾಲ್ಟಿ. ಷರೀಫ್ ಮುಖಮ್ಮದ್ ಬಾಲ್ ಇಟ್ಟು ಹಿಂದಕ್ಕೆ ಹೆಜ್ಜೆ ಹಾಕುವಷ್ಟರಲ್ಲಿ ಮೊಬೈಲ್ ಕಿರುಚಿತು. ಪರದೆ ತುಂಬ ಹೊಸ ಆರ್ಡರ್: ಎರಡು ಚಿಕನ್ ಬಿರಿಯಾನಿ, ವಿಲ್ಸನ್ ಗಾರ್ಡನ್. ಹುಡುಗ ಅದನ್ನು ಪಕ್ಕಕ್ಕೆ ತಳ್ಳುವ ಹೊತ್ತಿಗೆ ಅಫ್ಘಾನರು ಒಬ್ಬರ ಮೇಲೊಬ್ಬರು ಬಿದ್ದು ಗುಡ್ಡೆಯಾಗಿದ್ದರು. ಆ ಗೋಲನ್ನು ನಾವು ನೋಡಲೇ ಇಲ್ಲ. ನೋಡಿದ್ದು ಅದಾದ ಮೇಲಿನ ಸ್ಟಿಮಾಕನ ಮುಖ. ಅರ್ಧ ಮುಖ ಒಡೆದ ಗಾಜಿನ ಹಿಂದೆ ಇತ್ತು. ಗುವಾಹಟಿಯ ಗ್ಯಾಲರಿಯ ಹುಯಿಲು ಆ ಪುಟ್ಟ ಸ್ಪೀಕರಿನಲ್ಲಿ ಟ್ಯಾಂಕರಿನ ಪೈಪಿನಂತೆಯೇ ಬುಸುಗುಟ್ಟುತ್ತಿತ್ತು.

"ಇವತ್ತು ರಾತ್ರಿನೇ ಕಳಿಸ್ಬೇಕು ಇವನ್ನ" ಎಂದ ಹುಡುಗ.

ಕಳಿಸಲಿಲ್ಲ. ಮಾರ್ಚ್ ಮುಗಿಯಿತು, ಏಪ್ರಿಲ್ ಮುಗಿಯಿತು. ರ‍್ಯಾಂಕಿಂಗ್ 121ಕ್ಕೆ ಇಳಿಯಿತು. ಕೋಚ್ ಇದ್ದ. 2026ರವರೆಗಿನ ಕಾಗದವಿದೆ, ತೆಗೆದರೆ ದುಡ್ಡು ಕೊಡಬೇಕು, ಜೂನಿನಲ್ಲಿ ಇನ್ನೆರಡು ಪಂದ್ಯವಿದೆ, ಹೊಸಬನನ್ನು ಎಲ್ಲಿಂದ ತರುವುದು: ಫೆಡರೇಷನ್ನಿನ ಕಷ್ಟ ನಮಗೂ ಅರ್ಥವಾಗುತ್ತಿತ್ತು, ಅರ್ಥವಾದದ್ದರಿಂದಲೇ ಸಿಟ್ಟು ಹೆಚ್ಚಾಗುತ್ತಿತ್ತು. ಆ ಕಾಗದಕ್ಕೆ ಸಹಿ ಹಾಕಿದವರನ್ನು ಏನೆಂದು ಕೂಗುವುದು? ಅವರು ಗಾಜಿನ ಹಿಂದಿನ ಸೋಫಾಗಳಲ್ಲಿ ಕೂರುತ್ತಾರೆ, ಟೀವಿಯವರು ಅತ್ತ ಕ್ಯಾಮೆರಾ ತಿರುಗಿಸುವುದೂ ಅಪರೂಪ. ಗೆರೆಯ ಪಕ್ಕದಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ, ತೊಂಬತ್ತು ನಿಮಿಷ ನಿಲ್ಲುವವನು ಕೋಚ್ ಒಬ್ಬನೇ. ಹೆಸರೂ ಚಿಕ್ಕದು, ಚಪ್ಪಾಳೆಗೆ ಕೂರುತ್ತದೆ. ಆಗ ಫೆಡರೇಷನ್ ಉಪಾಧ್ಯಕ್ಷರಾಗಿದ್ದ ಎನ್.ಎ. ಹ್ಯಾರಿಸ್ ನಮ್ಮದೇ ಶಾಂತಿನಗರದ ಶಾಸಕರು, ಕರ್ನಾಟಕ ಫುಟ್‌ಬಾಲ್ ಸಂಸ್ಥೆಗೂ ಆಗ ಅವರೇ ಅಧ್ಯಕ್ಷರಾಗಿದ್ದರು. ಹೋಗಿ ಕೇಳೋಣ ಎಂದು ಒಂದು ಸಲ ಮಾತು ಬಂತು. "ಹೋದ್ರೆ ಮೊದ್ಲು ನೀರಿನ ವಿಷಯ ಕೇಳ್ರೋ" ಎಂದರು ತಾತ. ಅಲ್ಲಿಗೆ ನಿಂತಿತು.

ತಾತನಿಗೆ ಕೋಚನ್ನು ಬೈಯುವುದರಲ್ಲಿ ಅಂಥ ಆಸಕ್ತಿ ಇರಲಿಲ್ಲ. "ನಂದನ್ ಗ್ರೌಂಡಲ್ಲಿ ಸಂಜೆ ಎಷ್ಟ್ ಜನ ಬೂಟ್ ಹಾಕ್ಕೊಂಡ್ ಬತ್ತಾರೆ, ಎಣಿಸಿದ್ದೀಯಾ? ನಮ್ಮ ರಾಮನ್ 48ರ ಲಂಡನ್ ಒಲಿಂಪಿಕ್ಸಲ್ಲಿ ಫ್ರಾನ್ಸ್‌ಗೆ ಗೋಲ್ ಹೊಡ್ದಾಗ ಅವನ ಕಾಲಲ್ಲಿ ಬೂಟೇ ಇರ್ಲಿಲ್ಲ ಅಂತಾರೆ. ಈಗ ಬೂಟಿದೆ." ಮುಂದಿನದನ್ನು ಹೇಳದೆ ರಸ್ಕ್ ಅದ್ದಿದರು. ಅವರ ಮಾತು ಸರಿ. ಆದರೆ ಸರಿಯಾದ ಮಾತಿನಿಂದ ಸಿಟ್ಟು ಇಳಿಯುವುದಿಲ್ಲ. ಹುಡುಗ ಎದ್ದು, ಕೇಕಿನ ಡಬ್ಬಿಯ ಬಿಳಿ ಮುಚ್ಚಳವೊಂದನ್ನು ಅಣ್ಣನಿಂದ ಇಸಿದುಕೊಂಡು, ಕಪ್ಪು ಮಾರ್ಕರಿನಲ್ಲಿ ದಪ್ಪಗೆ ಬರೆದ: 'ಸ್ಟಿಮಾಕ್ ಔಟ್'. ಪಪ್ಸ್ ಇಡುವ ಗಾಜಿನ ಪೆಟ್ಟಿಗೆಯ ಪಕ್ಕದ ಕಂಬಕ್ಕೆ ಅಂಟಿಸಿದ. ಅಣ್ಣ ತಕರಾರು ಮಾಡಲಿಲ್ಲ. ಗೋಡೆಯ ಬಿರುಕು ಮುಚ್ಚಿತು ಅಂದುಕೊಂಡಿರಬೇಕು.

ಜೂನ್ 6ಕ್ಕೆ ಕೋಲ್ಕತಾದ ಸಾಲ್ಟ್ ಲೇಕಿನಲ್ಲಿ ಛೆಟ್ರಿ ವಿದಾಯ, ಕುವೈತ್ ಎದುರು ಗೋಲಿಲ್ಲದ ಡ್ರಾ. 11ಕ್ಕೆ ದೋಹಾದಲ್ಲಿ ಚಾಂಗ್ಟೆ ಗೋಲು ಹೊಡೆದು ಮುಂದಿದ್ದ ಇಂಡಿಯಾಕ್ಕೆ, ಗೆರೆ ದಾಟಿ ಹೊರಗೆ ಹೋಗಿದ್ದ ಬಾಲನ್ನು ಎಳೆದು ತಂದು ಕತಾರ್ ಗೋಲು ಹಾಕಿತು, ರೆಫರಿ ಕೊಟ್ಟುಬಿಟ್ಟ. ಕೊನೆಗೆ 1-2. ಅವತ್ತು ಒಂದು ರಾತ್ರಿಯ ಮಟ್ಟಿಗೆ ಬೇಕರಿ ಸ್ಟಿಮಾಕನ ಪರವಾಗಿತ್ತು.

17ನೇ ತಾರೀಕು ಬಕ್ರೀದ್. ಬೀದಿ ತುಂಬ ಬಿರಿಯಾನಿಯ ಘಮ. ಸ್ಟಿಮಾಕನನ್ನು ತೆಗೆದ ಸುದ್ದಿ ಬಂದಾಗ ಬೇಕರಿಯಲ್ಲಿ ನಾನು, ತಾತ, ಡೆಲಿವರಿ ಹುಡುಗ ಮೂವರೇ. ಕುಣಿತವೇನೂ ಆಗಲಿಲ್ಲ. ಹುಡುಗ ಕಂಬದ ಬಳಿ ಹೋಗಿ ಮುಚ್ಚಳವನ್ನು ಕಿತ್ತ. ಟೇಪು ಗಟ್ಟಿ ಹಿಡಿದಿತ್ತು. ಅರ್ಧಕ್ಕೇ ಹರಿದು 'ಸ್ಟಿಮಾಕ್' ಕೈಗೆ ಬಂತು, 'ಔಟ್' ಕಂಬದಲ್ಲೇ ಉಳಿಯಿತು. ಬಾಕಿ ಹಣಕ್ಕಾಗಿ ಫೆಡರೇಷನ್ ಮತ್ತು ಕೋಚಿನ ನಡುವೆ ತಿಂಗಳುಗಟ್ಟಲೆ ಎಳೆದಾಟ ನಡೆದು, ಕಡೆಗೆ ನಾಲ್ಕು ಲಕ್ಷ ಡಾಲರಿಗೆ, ಅಂದರೆ ಮೂರು ಕೋಟಿ ರೂಪಾಯಿಗೂ ಮಿಕ್ಕ ಹಣಕ್ಕೆ ರಾಜಿಯಾಯಿತು. ಅಷ್ಟು ದುಡ್ಡಿಗೆ ಎಷ್ಟು ಜತೆ ಬೂಟು ಬರುತ್ತದೆ ಎಂದು ತಾತ ಬಾಯಲ್ಲೇ ಲೆಕ್ಕ ಹಾಕಲು ಹೋಗಿ ಕೈಬಿಟ್ಟರು.

'ಔಟ್' ಅಲ್ಲೇ ಇತ್ತು. ಹೊಸ ಗಿರಾಕಿಗಳು ಪಪ್ಸ್ ಖಾಲಿ ಎಂದುಕೊಂಡು ವಾಪಸ್ ಹೋಗುತ್ತಾರೆಂದು ಅಣ್ಣ ಗೊಣಗುತ್ತಿದ್ದ, ತೆಗೆಯುತ್ತಿರಲಿಲ್ಲ.

ಹೊಸ ಕೋಚ್ ಆಗಿ ಸ್ಪೇನಿನ ಮನೊಲೊ ಮಾರ್ಕೆಜ್ ಬಂದರು. ಬಿಟ್ಟುಹೋಗಿದ್ದ ಛೆಟ್ರಿಯನ್ನು 2025ರ ಮಾರ್ಚಿನಲ್ಲಿ ಕರೆದು ತಂದರು. ಮಾಲ್ದೀವ್ಸ್ ಎದುರು ಒಂದು ಗೆಲುವು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಜೂನ್ 10ರಂದು ಹಾಂಗ್‌ಕಾಂಗ್ ಜತೆ ಪಂದ್ಯ. ಚಿನ್ನಸ್ವಾಮಿ ಸ್ಟೇಡಿಯಂ ಗೇಟಿನ ಬಳಿ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತು ಇನ್ನೂ ವಾರವಾಗಿರಲಿಲ್ಲ. ಬೇಕರಿಯ ಟೀವಿಯಲ್ಲಿ ಅದೇ ಸುದ್ದಿ, ಅವೇ ರಾಶಿಬಿದ್ದ ಚಪ್ಪಲಿಗಳು. ಚಾನೆಲ್ ಬದಲಿಸಿ ಎನ್ನುವ ಮನಸ್ಸು ಗ್ಯಾರೇಜಿನವರಿಗೂ ಬರಲಿಲ್ಲ, ನಮಗೂ ಬರಲಿಲ್ಲ. ಹುಡುಗ ಮೊಬೈಲನ್ನು ಸದ್ದಡಗಿಸಿ ಭರಣಿಗೆ ಒರಗಿಸಿದ. ಹೊಸ ಮೊಬೈಲು, ಗಾಜು ಸರಿಯಿತ್ತು; ಎರಡೂ ವಿಂಗ್ ಚೆನ್ನಾಗಿ ಕಾಣುತ್ತಿತ್ತು. ಎದುರು ಬೆಂಚಿನ ಮುಂದೆ ಕೈಕಟ್ಟಿ ನಿಂತಿದ್ದವನನ್ನು ನೋಡಿ ತಾತ ಕನ್ನಡಕ ಒರೆಸಿಕೊಂಡರು.

"ಇವ್ನು ಮತ್ತೆ ಅವ್ನೇ ಅಲ್ವೇನೋ?"

ಅವನೇ. ಆಶ್ಲಿ ವೆಸ್ಟ್‌ವುಡ್, ಅವತ್ತಿಗೆ ಹಾಂಗ್‌ಕಾಂಗಿನ ಕೋಚ್. 90 ನಿಮಿಷ ಮುಗಿದು ನಾಲ್ಕನೇ ಹೆಚ್ಚುವರಿ ನಿಮಿಷ, ಪೆನಾಲ್ಟಿ, ಗೋಲು. ಈ ಸಲ ಆರ್ಡರ್ ಬರಲಿಲ್ಲ, ಕಣ್ತುಂಬ ನೋಡಿದೆವು.

ಹುಡುಗ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಗಲ್ಲಾದ ಕಡೆ ಕೈ ಚಾಚಿದ. "ಅಣ್ಣಾ, ಒಂದ್ ಮುಚ್ಚಳ ಕೊಡಿ. ಅರ್ಧ ಇದ್ರೂ ಸಾಕು."