ಆಟಿಯ ಮೊದಲ ಆದಿತ್ಯವಾರ



ನಿಮಗೊಂದು ಪ್ರಶ್ನೆ ಕೇಳಿಯೇ ಮುಂದುವರಿಯುತ್ತೇನೆ. ನಿಮ್ಮ ತಾಯಿಯೋ ಅತ್ತೆಯೋ ಮಾಡುತ್ತಿದ್ದ ಯಾವುದಾದರೂ ಒಂದು ತಿಂಡಿಯನ್ನು ನೆನಪು ಮಾಡಿಕೊಳ್ಳಿ. ಅದನ್ನು ಅದೇ ರುಚಿಯಲ್ಲಿ ಮಾಡಲು ಇವತ್ತು ನಿಮ್ಮ ಮನೆಯಲ್ಲಿ ಯಾರಿಗಾದರೂ ಬರುತ್ತದೆಯೇ? "ಓಹೋ, ಬರುತ್ತದೆ" ಎನ್ನುವವರು ಭಾಗ್ಯವಂತರು, ಈ ಪುಟ ಮಗುಚಿ ಮುಂದೆ ಹೋಗಬಹುದು. ಉಳಿದವರು ಸ್ವಲ್ಪ ಹೊತ್ತು ನನ್ನ ಜೊತೆ ಕೂತುಕೊಳ್ಳಿ. ನಾನೂ ನಿಮ್ಮ ಪಂಗಡದವಳೇ.

ನಾನು ಮದುವೆಯಾಗಿ ಡೊಂಬಿವಲಿಗೆ ಬಂದದ್ದು 1986ರಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಆರು ಜನ. ಊರಿಗೆ ಹೋಗಬೇಕೆಂದರೆ ಘಟ್ಟ ಸುತ್ತಿ ಹಗಲೂ ರಾತ್ರಿ ಬಸ್ಸಿನಲ್ಲಿ ಕೂರಬೇಕಾದ ಕಾಲ. ಕೊಂಕಣ ರೈಲು ಈ ತುದಿಯಿಂದ ಆ ತುದಿಯವರೆಗೆ ಓಡತೊಡಗಿದ್ದು 1998ರಲ್ಲಿ ತಾನೇ? ಹಾಗಾಗಿ ಆಟಿ ತಿಂಗಳಲ್ಲಿ ಹೊಸ ಮದುಮಗಳು ತವರಿಗೆ ಹೋಗಿ ಕೂರುವ ನಮ್ಮ ಕಡೆಯ ಪದ್ಧತಿ ನನ್ನ ಪಾಲಿಗೆ ಬರಲೇ ಇಲ್ಲ. ಮುಖ ಸಣ್ಣದು ಮಾಡಿಕೊಂಡು ಓಡಾಡುತ್ತಿದ್ದ ನನ್ನನ್ನು ಅತ್ತೆಯವರು ಎರಡು ದಿನ ನೋಡಿದರು. ಆ ಆದಿತ್ಯವಾರ ಬೆಳಿಗ್ಗೆ ಮಾರ್ಕೆಟ್ಟಿನಿಂದ ಕೆಸುವಿನ ಎಲೆ ತರಿಸಿ ಪತ್ರೊಡೆ ಮಾಡಿದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಬಿಸಿ ಪತ್ರೊಡೆಯ ಮೇಲೆ ತೆಂಗಿನೆಣ್ಣೆ ಸುರಿದು ತಟ್ಟೆಯನ್ನು ನನ್ನ ಮುಂದೆ ತಳ್ಳಿದರು, ಅಷ್ಟೇ.

ಅಂದಿನಿಂದ ಆಟಿಯ ಮೊದಲ ಆದಿತ್ಯವಾರ ನಮ್ಮ ಮನೆಯಲ್ಲಿ ಪತ್ರೊಡೆಯ ದಿನ. ಆಟಿ ಬರುವುದು ಜುಲೈ ಮಧ್ಯದಲ್ಲಿ, ಹೋಗುವುದು ಆಗಸ್ಟ್ ಮಧ್ಯದಲ್ಲಿ. ಊರಿನಲ್ಲಿ ಆ ದಿನಗಳೆಂದರೆ ಬಿಡದ ಮಳೆ, ನಾಟಿ ಮುಗಿದು ಕೈಗೆ ಕೆಲಸವಿಲ್ಲ, ಪತ್ತಾಯದಲ್ಲಿ ಅಕ್ಕಿ ತಳ ಕಾಣುತ್ತಿರುತ್ತದೆ. ಆಗ ಹೊಟ್ಟೆ ಹೊರೆಯುತ್ತಿದ್ದುದು ಬೇಲಿಬದಿಯ ತಗತೆ ಸೊಪ್ಪು, ಕಣಿಲೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಲಸಿನ ಬೀಜ, ತೋಡಿನ ಬದಿಯ ಕೆಸು. ಬಡತನದ ಊಟವೇ ಸರಿ. ಅದನ್ನು ನಾವೀಗ ಹಬ್ಬದಂತೆ ತಿನ್ನುತ್ತೇವೆ. ತಿನ್ನಲಿ ಬಿಡಿ, ಅದರಲ್ಲಿ ತಪ್ಪೇನಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮುಂಬಯಿಗೆ ಇಡ್ಲಿ, ದೋಸೆ, ಸಾಂಬಾರಿನ ರುಚಿ ಹಿಡಿಸಿದವರು ನಮ್ಮವರೇ. ಮಾಟುಂಗಾ ಸ್ಟೇಷನ್ನಿನ ಎದುರು ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ ಆರಂಭವಾಯಿತು. ಬಾಳೆಲೆಯ ಮೇಲಿನ ಊಟಕ್ಕೆ ಜನ ಇಂದಿಗೂ ಅಲ್ಲಿ ಸರದಿ ನಿಲ್ಲುತ್ತಾರೆ. ನನ್ನ ಮಾವನವರೂ ಹೋಟೆಲಿನಲ್ಲೇ ದುಡಿದವರು. ಹಗಲೆಲ್ಲ ಸಾವಿರ ಜನರಿಗೆ ಬಡಿಸಿ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು. ಆದರೆ ಅವರು ಹೇಳುತ್ತಿದ್ದುದು, "ಹೋಟೆಲಿನ ಹಂಡೆಯಲ್ಲಿ ಎಲ್ಲವೂ ಉಂಟು, ಆಟಿ ಇಲ್ಲ." ನಿಜವೇ. ಸಾಂಬಾರನ್ನು ನಮ್ಮ ಹೋಟೆಲುಗಳು ಕಾಪಾಡಿದವು. ಪತ್ರೊಡೆ, ಅರಿಶಿನ ಎಲೆಯ ಗಟ್ಟಿ, ಮೆಂತೆ ಗಂಜಿಗಳನ್ನು ಮನೆಯವರೇ ನೋಡಿಕೊಳ್ಳಬೇಕು.

ನಾವು ನೋಡಿಕೊಂಡೆವೇ? ಅತ್ತೆಯವರು ಇರುವ ತನಕ ನಾನಂತೂ ನೋಡಿಕೊಳ್ಳಲಿಲ್ಲ. ನನಗೆ ಬೆಳಿಗ್ಗೆ 7 ಗಂಟೆಯ ಲೋಕಲ್ ಹಿಡಿಯುವ ಗಡಿಬಿಡಿ, ವಾರಕ್ಕೆ ಸಿಗುವ ಒಂದೇ ರಜೆ. ಅವರು ರುಬ್ಬುತ್ತಿದ್ದರು, ನಾನು ಬಟ್ಟೆ ಒಗೆಯುತ್ತಿದ್ದೆ. "ಹುಳಿ ಎಷ್ಟು ಹಾಕುವುದು ಅತ್ತೆ?" ಎಂದು ಒಮ್ಮೆ ಕೇಳಿದ್ದೆ. "ಬೇಕಾದಷ್ಟು" ಎಂದರು. ಮತ್ತೆ ಕೇಳಲಿಲ್ಲ. 2009ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ಆ ವರ್ಷದ ಆಟಿ ಬಂತು. ಹಠ ಹಿಡಿದು ನಾನೇ ಮಾಡಿದೆ. ಮೊದಲ ತುತ್ತಿಗೇ ಎಲ್ಲರ ಗಂಟಲು ತುರಿಸತೊಡಗಿತು. ನನ್ನ ಯಜಮಾನರು ಏನೂ ಹೇಳದೆ ತಟ್ಟೆಯನ್ನು ಬದಿಗಿಟ್ಟು ಬಾಲ್ಕನಿಗೆ ಹೋಗಿ ನಿಂತರು. ತುರಿಕೆಗಲ್ಲ ಅವರು ಎದ್ದು ಹೋದದ್ದು. ತಾಯಿ ಇಲ್ಲ ಎಂಬುದು ಅವರಿಗೆ ಆವತ್ತು ಆ ತಟ್ಟೆಯಲ್ಲಿ ಕಂಡಿತು. ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಆಗ ಕಾಲೇಜಿನಲ್ಲಿದ್ದ ನನ್ನ ಮಗಳು ಬಂದು ಹೇಳಿದಳು, "ಅಮ್ಮಾ, ಅಜ್ಜಿ ಹುಳಿ ನೋಡುತ್ತಿದ್ದುದು ನನ್ನ ನಾಲಿಗೆಯಲ್ಲಿ." ಅವಳಿಗೆ ಆರೇಳು ವರ್ಷವಿರುವಾಗ, ರಜೆಯ ದಿನ ಮಗು ಕಾಲಿಗೆ ಅಡ್ಡ ಬರಬಾರದೆಂದು ಅತ್ತೆಯವರು ಅವಳಿಗೆ ಎಲೆಯ ಹಿಂಬದಿಯ ದಪ್ಪ ನಾರು ತೆಗೆಯುವ ಕೆಲಸ ಕೊಡುತ್ತಿದ್ದರು. ಕೈಗೆ ಮೊದಲು ಎಣ್ಣೆ ಹಚ್ಚಿ ಕೂರಿಸುವುದು. ಮೆಣಸು ಹಾಕುವ ಮೊದಲು ಅಕ್ಕಿ, ಹುಣಸೆ, ಬೆಲ್ಲ, ಉಪ್ಪು ರುಬ್ಬಿದ ಹಿಟ್ಟನ್ನು ಅವಳ ನಾಲಿಗೆಗೆ ಮುಟ್ಟಿಸುವುದು. ಮಗು ಹುಳಿಗೆ ಒಂದು ಕಣ್ಣು ಮುಚ್ಚಿದರೆ ಇನ್ನಷ್ಟು ಬೇಕು, ಎರಡೂ ಕಣ್ಣು ಮುಚ್ಚಿದರೆ ಸಾಕು! ಹಿಟ್ಟು ಹಸಿಯಾಗಿರುವಾಗ ಅತಿ ಎನ್ನುವಷ್ಟು ಹುಳಿ ಇರಬೇಕು. ಎಲೆ ಅದನ್ನು ನುಂಗಿಕೊಳ್ಳುತ್ತದೆ, ತುರಿಕೆಯನ್ನೂ ಹಿಡಿತದಲ್ಲಿ ಇಡುತ್ತದೆ. 23 ವರ್ಷ ಒಂದೇ ಅಡುಗೆಮನೆಯಲ್ಲಿದ್ದ ನನಗೆ ಗೊತ್ತಿಲ್ಲದ್ದು ಆ ಮಗುವಿಗೆ ಗೊತ್ತಿತ್ತು. ನಾನು ತಿಂದಿದ್ದೆ, ಅವಳು ಮಾಡಿದ್ದಳು.

ಮುಂದಿನ ಆದಿತ್ಯವಾರ ಅವಳ ನಾಲಿಗೆಯ ಅಳತೆಯಲ್ಲೇ ಮತ್ತೆ ಮಾಡಿದೆವು. ಈ ಸಲ ಅಳೆದು ಬರೆದಿಟ್ಟೆ. 15 ಎಲೆಗೆ 2 ಲೋಟ ಬೆಳ್ತಿಗೆ ಅಕ್ಕಿ, 4 ಗಂಟೆ ನೆನೆಸಿದ್ದು. ದೊಡ್ಡ ನಿಂಬೆಹಣ್ಣಿನ ಗಾತ್ರದ ಹುಣಸೆ, ಹೆಚ್ಚುಕಡಿಮೆ ಅಷ್ಟೇ ಬೆಲ್ಲ. ಉಪ್ಪು, ಕೊತ್ತಂಬರಿ ಬೀಜ, ಒಣಮೆಣಸು, ಅರಿಶಿನ, ಇಂಗು. ಹಿಟ್ಟು ದಪ್ಪವಿರಲಿ. ಎಲೆಯ ಹಿಂಬದಿಗೆ ಸವರಿ, ಒಂದರ ಮೇಲೊಂದು ನಾಲ್ಕೈದು ಎಲೆ ಇಟ್ಟು, ಬದಿ ಮಡಚಿ ಸುರುಳಿ ಸುತ್ತಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿ. ಅವಸರ ಮಾಡಿ ಅರ್ಧ ಬೆಂದದ್ದನ್ನು ಇಳಿಸಿದಿರೋ, ಗಂಟಲು ಬಿಡುವುದಿಲ್ಲ.

ಎಲೆಯ ವಿಷಯದಲ್ಲೂ ನಾನು ಮೋಸ ಹೋಗಿದ್ದೆ. ನಮ್ಮ ಭಾಜಿವಾಲಿಗಳಲ್ಲಿ ಎರಡು ಬಗೆಯ ಅಳು ಇರುತ್ತದೆ, ಭಾಜಿಯದ್ದು ಬೇರೆ, ವಡಿಯದ್ದು ಬೇರೆ. "ವಡೀಚೆ ಅಳು" ಎಂದೇ ಕೇಳಬೇಕು. ದಂಟು ಕಪ್ಪಾಗಿರುವ ಆ ಎಲೆಯೇ ನಮ್ಮ ಪತ್ರೊಡೆಗೆ ಸರಿ. ಮರಾಠಿಯವರ ಅಳುವಡಿ, ಗುಜರಾತಿಯವರ ಪಾತ್ರಾ ಎಲ್ಲ ಇದೇ ಎಲೆಯ ಸಂತಾನ. ಅವರು ಕಡಲೆಹಿಟ್ಟು ಹಚ್ಚುತ್ತಾರೆ, ನಾವು ಅಕ್ಕಿ. ಹಾಗೆಯೇ ನಾಗರಪಂಚಮಿಗೆ ನಾವು ಅರಿಶಿನ ಎಲೆಯಲ್ಲಿ ಗಟ್ಟಿ ಮಾಡಿದರೆ ಕೊಂಕಣದ ಮರಾಠಿ ಮನೆಗಳಲ್ಲಿ ಅದೇ ಎಲೆಯಲ್ಲಿ ಪಾತೋಳ್ಯಾ. ನನ್ನ ಮಗಳು ಕೈಹಿಡಿದದ್ದು ಮರಾಠಿ ಹುಡುಗನನ್ನು. ಅವಳ ಮನೆಯಲ್ಲಿ ಒಂದೇ ಕಟ್ಟು ಎಲೆಯಲ್ಲಿ ಎರಡೂ ಆಗುತ್ತವೆ. ಯಾವುದು ಮೇಲು ಎಂಬ ಚರ್ಚೆಗೆ ಬೀಗರೂ ನಾವೂ ಇನ್ನೂ ತೆರೆ ಎಳೆದಿಲ್ಲ.

ಹಾಗೆಂದು ಎಲ್ಲವನ್ನೂ ಕಣ್ಣುಮುಚ್ಚಿ ಇಲ್ಲಿಗೆ ಎಳೆದು ತರಬೇಕಾಗಿಲ್ಲ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಕಲ್ಲಿನಿಂದ ಕೆತ್ತಿ ತರುವ ಪಾಲೆ ಮರದ ತೊಗಟೆಯ ಕಷಾಯ ನಿಮಗೂ ಗೊತ್ತು. ಆ ಮರ ಮುಂಬಯಿಯ ರಸ್ತೆಬದಿಯಲ್ಲೂ ಇದೆ. ಆದರೆ ಗುರುತಿಲ್ಲದವರು ದಯವಿಟ್ಟು ಕೈಹಾಕಬೇಡಿ. ಪಾಲೆಯೆಂದು ಕಾಸರಕದ ತೊಗಟೆ ಕೆತ್ತಿದರೆ ಅದು ವಿಷ. ನಾವು ಕಷಾಯ ಬಿಟ್ಟು ಮೆಂತೆ ಗಂಜಿಯನ್ನು ಮಾತ್ರ ಇಟ್ಟುಕೊಂಡಿದ್ದೇವೆ.

ನೀವು ಕರಾವಳಿಯವರೇ ಆಗಬೇಕೆಂದಿಲ್ಲ. ನನಗೆ ಪರಿಚಯದ ಕಲಬುರಗಿ ಕಡೆಯ ಕುಟುಂಬವೊಂದು ಬೋರಿವಲಿಯಲ್ಲಿದೆ. ಎಳ್ಳಮಾವಾಸ್ಯೆಗೆ ಊರಿನಲ್ಲಾದರೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವವರು. ಇಲ್ಲಿ ಹೊಲ ಎಲ್ಲಿಂದ ತರುವುದು? ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಕಟ್ಟಿಕೊಂಡು ಹತ್ತಿರದ ಭಾನುವಾರ ಮನೆಮಂದಿಯೆಲ್ಲ ಯಾವುದಾದರೂ ಮರದಡಿ ಕೂತು ಉಣ್ಣುತ್ತಾರೆ. ತಿಥಿ ತಪ್ಪಿತು ಎಂದು ಹಿರಿಯರೊಬ್ಬರು ಆಕ್ಷೇಪಿಸಿದರಂತೆ. ನನ್ನ ಕೇಳಿದರೆ, ತಿಥಿಗಾಗಿ ಊಟ ತಪ್ಪುವುದಕ್ಕಿಂತ ಊಟಕ್ಕಾಗಿ ತಿಥಿ ತಪ್ಪಲಿ. ಮುಂಬಯಿಯಲ್ಲಿ ನಮಗಿರುವುದು ಆದಿತ್ಯವಾರ ಒಂದೇ.

ನಮ್ಮ ಸಂಘಸಂಸ್ಥೆಗಳು ನಡೆಸುವ "ಆಟಿಡೊಂಜಿ ದಿನ"ಗಳ ಬಗ್ಗೆ ಹೇಳದಿದ್ದರೆ ಅಪೂರ್ಣವಾದೀತು. ಸಭಾಗೃಹದ ಉದ್ದದ ಮೇಜಿನ ಮೇಲೆ ಬಗೆಬಗೆಯ ತಿನಿಸು, ಸ್ಪರ್ಧೆ, ಬಹುಮಾನ. ನಾನೂ ಬಡಿಸಲು ನಿಂತವಳೇ, ಸಂತೋಷವಾಗುತ್ತದೆ. ಆದರೆ ಮಕ್ಕಳು ಅಲ್ಲಿ ಪೇಪರ್ ಪ್ಲೇಟು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆಯೇ ಹೊರತು ನಾರು ತೆಗೆಯಲು ಕೂರುವುದಿಲ್ಲ. ಮುಂದಿನ ವರ್ಷ ಸ್ಪರ್ಧೆಯ ಬದಲು ಒಂದು ಮೂಲೆಯಲ್ಲಿ ಚಾಪೆ ಹಾಸಿ, ಎಲೆ ಹಿಟ್ಟು ಇಟ್ಟು, ಮಕ್ಕಳ ಕೈಗೆ ಎಣ್ಣೆ ಹಚ್ಚಿ ಕೂರಿಸಬಾರದೇಕೆ? ಸಮಿತಿಯವರು ಯೋಚಿಸಲಿ.

2024ರ ಆಟಿಗೆ ನನ್ನ ಮೊಮ್ಮಗಳಿಗೆ ಏಳು ವರ್ಷ. ನೆಲದ ಮೇಲೆ ಪೇಪರು ಹಾಸಿ ಕೂತು ಎರಡು ಎಲೆ ಹರಿದಳು, ಮೂರನೆಯದು ಸರಿಯಾಗಿ ಬಂತು. ನನ್ನ ಮಗಳು ಬೆರಳಲ್ಲಿ ಹಿಟ್ಟು ತೆಗೆದು ಅವಳ ನಾಲಿಗೆಗೆ ಮುಟ್ಟಿಸಿದಳು. ಒಂದೇ ಕಣ್ಣು ಮುಚ್ಚಿತು. ನನ್ನ ಯಜಮಾನರು ಬಾಗಿಲಲ್ಲಿ ನಿಂತು, "ಇನ್ನೊಂದು ಎಸಳು ಹುಳಿ ಹಾಕಿ" ಎಂದರು.

ನೀವು ಈ ಸಲ ಮಾಡುವುದಾದರೆ ಎಲೆಯನ್ನು ಶನಿವಾರ ಸಂಜೆಯೇ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಆದಿತ್ಯವಾರ ತಡವಾಗಿ ಹೋದರೆ ವಡಿಯ ಎಲೆ ಮುಗಿದು, ಭಾಜಿಯದ್ದನ್ನೇ ಅದೆಂದು ಹೇಳಿ ಕೊಟ್ಟುಬಿಡುತ್ತಾರೆ.